ದಾಸ್ತಾನು ಧಾನ್ಯದ ಪತಂಗಗಳು

ಮುಂಬೈಯ ಮಳೆಗಾಲದ ತೇವ, ಸೆಕೆಗಳಲ್ಲಿ ಅಕ್ಕಿ, ರವೆ, ಶೇಂಗಾ ಡಬ್ಬಿಗಳಿಗೆ ಹುಳ ಬೀಳುವುದು ಬೇಗ. ಹಾರುವ ಪತಂಗ ಏನನ್ನೂ ತಿನ್ನುವುದಿಲ್ಲ. ಹಾನಿಯೆಲ್ಲ ಅದರ ಮರಿಹುಳುವಿನದು. ಪರೀಕ್ಷೆಯಲ್ಲಿ ಹಲವರು ಎಡವುವುದು ಇಲ್ಲೇ.

ಅಕ್ಕಿ ಪತಂಗ (ಕೊರ್ಸೈರಾ ಸೆಫಲೋನಿಕಾ): ಬೂದುಕಂದು ರೆಕ್ಕೆ, ಎದ್ದುಕಾಣುವ ಗುರುತಿಲ್ಲ. ಮರಿಹುಳು ರೇಷ್ಮೆಯಂಥ ಎಳೆ ನೇಯ್ದು ಕಾಳುಗಳನ್ನು ಗಂಟುಕಟ್ಟಿಸುತ್ತದೆ. ಬೆಳೆಯ ಕೀಟಗಳನ್ನು ಹತ್ತಿಕ್ಕುವ ಟ್ರೈಕೊಗ್ರಾಮ ಪರತಂತ್ರ ಕಣಜಗಳನ್ನು ಪ್ರಯೋಗಾಲಯದಲ್ಲಿ ಸಾಕುವುದು ಇದರ ಮೊಟ್ಟೆಗಳ ಮೇಲೆಯೇ. ಮನೆಯ ಶತ್ರು ಹೊಲದ ಮಿತ್ರನಾಗುವ ಈ ಅಂಶವನ್ನು ಬಿಡದೆ ಓದಿಕೊಳ್ಳಿ.

ಇಂಡಿಯನ್ ಮೀಲ್ ಪತಂಗ (ಪ್ಲೋಡಿಯಾ ಇಂಟರ್‌ಪಂಕ್ಟೆಲ್ಲಾ): ರೆಕ್ಕೆಯ ಬುಡ ಮಾಸಲು ಬಿಳುಪು, ಉಳಿದ ಭಾಗ ತಾಮ್ರಗೆಂಪು. ಹಿಟ್ಟು, ಒಣಹಣ್ಣು, ಗೋಡಂಬಿಗೆ ಬೀಳುತ್ತದೆ.

ಅಂಗುಮಾ ಪತಂಗ (ಸಿಟೊಟ್ರೋಗಾ ಸಿರಿಯಲೆಲ್ಲಾ): ಹುಲ್ಲಿನ ಬಣ್ಣ, ಮರಿಹುಳು ಕಾಳಿನೊಳಗೇ ಬೆಳೆಯುತ್ತದೆ. ಭತ್ತ, ಜೋಳ, ಮೆಕ್ಕೆಜೋಳಕ್ಕೆ ಕಾಟ.

ನಿಯಂತ್ರಣ: ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿಡುವುದು. ದೊಡ್ಡ ಪ್ರಮಾಣದಲ್ಲಿ ಗಾಮಾ ವಿಕಿರಣ: ಧಾನ್ಯ, ಬೇಳೆಗಳ ಕೀಟನಾಶಕ್ಕೆ ಭಾರತದಲ್ಲಿ ಅನುಮತಿಸಿದ ಪ್ರಮಾಣ 0.25ರಿಂದ 1 ಕಿಲೋಗ್ರೇ. ಈ ತಂತ್ರವನ್ನು ದೇಶದಲ್ಲಿ ಬೆಳೆಸಿದ ಪ್ರಮುಖ ಸಂಸ್ಥೆ ಮುಂಬೈ ಉಪನಗರ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ.