ಕೈ ಹಾಕುವ ಮೊದಲು

ಆಂಬುಲೆನ್ಸಿನ ಹಿಂಬದಿಯಲ್ಲಿ ಹನ್ನೊಂದು ವರ್ಷ ಕೂತವನು ನಾನು. ಈಗ ಕಾರ್ಖಾನೆ, ಕಾಲೇಜುಗಳಲ್ಲಿ ಪ್ರಥಮ ಚಿಕಿತ್ಸೆ ಹೇಳಿಕೊಡುತ್ತೇನೆ. ಬ್ಯಾಂಡೇಜು ಕಟ್ಟೋದು ಜನಕ್ಕೆ ಅರ್ಧ ದಿನದಲ್ಲಿ ಬರುತ್ತದೆ. "ಕಟ್ಟಲಾ?" ಅಂತ ಕೇಳೋದು ಅಷ್ಟು ಬೇಗ ಬರುವುದಿಲ್ಲ. ನನಗೂ ಬಂದಿರಲಿಲ್ಲ.

1. ಕೆಲಸಕ್ಕೆ ಸೇರಿದ ಮೊದಲ ವರ್ಷ, ಶಿರಾ ರಸ್ತೆಯಲ್ಲಿ ಬೈಕಿನಿಂದ ಬಿದ್ದ ಹುಡುಗನೊಬ್ಬ ಡಿವೈಡರ್ ಪಕ್ಕ ಕೂತಿದ್ದ. ಓಡಿಹೋಗಿ ಬಲಗೈ ರಟ್ಟೆ ಹಿಡಿದು ಎಬ್ಬಿಸಿದೆ. ಅವನು ಕಿರುಚಿಕೊಂಡು ಎಡಗೈಯಲ್ಲಿ ನನ್ನ ಕೆನ್ನೆಗೆ ಬಾರಿಸಿದ. ಕತ್ತಿನ ಬುಡದ ಕಾಲರ್ ಮೂಳೆ ಮುರಿದಿತ್ತು. "ಎಲ್ಲಿ ನೋವು?" ಅಂದಿದ್ದರೆ ಅವನೇ ಬೆರಳಿಟ್ಟು ತೋರಿಸುತ್ತಿದ್ದ. ಅವಸರ ನನ್ನದಾಗಿತ್ತು, ಅವನದಲ್ಲ.

2. ಹೇಗೆ ಕೇಳಬೇಕು? ಎದುರು ಕುಕ್ಕರಗಾಲಲ್ಲಿ ಕೂತು, ಅವರ ಮುಖ ನೋಡಿ, ಒಂದೇ ಉಸಿರಿಗೆ ಮೂರು ವಿಷಯ ಹೇಳಿ: ನಾನು ಯಾರು, ಏನು ಕಾಣಿಸುತ್ತಿದೆ, ಏನು ಮಾಡಬೇಕೆಂದಿದ್ದೇನೆ. "ಯಜಮಾನ್ರೇ, ನಾನು ಪ್ರಥಮ ಚಿಕಿತ್ಸೆ ಕಲಿತಿದ್ದೀನಿ. ಕಾಲಲ್ಲಿ ರಕ್ತ ಹೋಗ್ತಿದೆ. ಬಟ್ಟೆ ಇಟ್ಟು ಒತ್ತಿ ಹಿಡೀಲಾ?" ಡಾಕ್ಟರ್ ಅಲ್ಲದವರು ಡಾಕ್ಟರ್ ಅಂತ ಹೇಳಿಕೊಳ್ಳಬಾರದು. ಮಾತಿನಲ್ಲೇ ಉತ್ತರ ಬರಬೇಕೆಂದಿಲ್ಲ. ತಲೆಯಾಡಿಸಿದರೂ, ಕಾಲು ಮುಂದೆ ಚಾಚಿದರೂ ಸಾಕು. ಗಂಟಲಲ್ಲಿ ಏನೋ ಸಿಕ್ಕಿಕೊಂಡವರಿಗಂತೂ ಮಾತೇ ಹೊರಡುವುದಿಲ್ಲ.

ಈ ಪ್ರಶ್ನೆ ಬರೀ ಮರ್ಯಾದೆಗೆ ಅಂದುಕೊಂಡಿದ್ದೆ. ವರ್ಷಗಳು ಕಳೆದಂತೆ ಗೊತ್ತಾಯಿತು, ಅರ್ಧ ತಪಾಸಣೆ ಅಲ್ಲೇ ಮುಗಿದಿರುತ್ತದೆ. ಪೂರ್ತಿ ವಾಕ್ಯದಲ್ಲಿ ಬೈದರೆ ಉಸಿರಾಟ ಸದ್ಯಕ್ಕೆ ಸರಿಯಿದೆ. ಎರಡು ಪದಕ್ಕೊಮ್ಮೆ ನಿಲ್ಲಿಸಿದರೆ ಸರಿಯಿಲ್ಲ. ನಾಲಿಗೆ ತೊದಲಿದರೆ, ಬಾಯಿ ಒಂದು ಕಡೆ ಜಗ್ಗಿದರೆ ಲಕ್ವ ಇರಬಹುದು, ತಕ್ಷಣ 108ಕ್ಕೆ ಫೋನ್.

3. ಪ್ರಜ್ಞೆ ಇಲ್ಲದವರ ಒಪ್ಪಿಗೆಗೆ ಕಾಯಬಾರದು. ಭುಜ ತಟ್ಟಿ ಜೋರಾಗಿ ಕೂಗಿ. ಓಗೊಡಲಿಲ್ಲ, ಉಸಿರಾಟವೂ ಸರಿಯಾಗಿಲ್ಲ ಅಂದರೆ 108ಕ್ಕೆ ಫೋನ್ ಮಾಡಿಸಿ ಎದೆ ಒತ್ತಲು ಶುರುಮಾಡಿ. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಎಚ್ಚರವಿದ್ದಿದ್ದರೆ ಬೇಡ ಅನ್ನುತ್ತಿರಲಿಲ್ಲ ಎಂದೇ ತಿಳಿದು ಮಾಡುವ ಕೆಲಸ ಇದು.

ಇಲ್ಲಿಗೆ ಬಂದಾಗ ಕ್ಲಾಸಿನಲ್ಲಿ ಒಬ್ಬರಾದರೂ ಕೇಳುತ್ತಾರೆ: "ಸಾರ್, ಆಮೇಲೆ ಕೇಸ್ ಹಾಕಿದ್ರೆ?" 1860ರ ಭಾರತೀಯ ದಂಡ ಸಂಹಿತೆಯ 92ನೇ ಕಲಮಿನಲ್ಲೇ ಇದಕ್ಕೆ ಉತ್ತರವಿತ್ತು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದವರಿಗೆ, ಅವರ ಪರವಾಗಿ ಹೇಳುವವರೂ ಹೊತ್ತಿಗೆ ಸಿಗದಿದ್ದಾಗ, ಅವರ ಒಳ್ಳೆಯದಕ್ಕೆಂದು ಸದ್ಭಾವನೆಯಿಂದ ಮಾಡಿದ್ದು ಅಪರಾಧವಲ್ಲ. 2024ರ ಜುಲೈನಿಂದ ಅದೇ ಮಾತು ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮಿನಲ್ಲಿದೆ. ಹಳೇ ಕಾನೂನಿನ ಉದಾಹರಣೆಗಳು ನನಗೆ ಬಲು ಇಷ್ಟ: ಕುದುರೆಯಿಂದ ಬಿದ್ದು ಎಚ್ಚರ ತಪ್ಪಿದವನಿಗೆ ತಲೆಯ ಶಸ್ತ್ರಚಿಕಿತ್ಸೆ ಮಾಡುವ ವೈದ್ಯ, ಒಬ್ಬನನ್ನು ಹುಲಿ ಹೊತ್ತೊಯ್ಯುತ್ತಿರುವಾಗ ಹುಲಿಗೆ ಗುಂಡು ಹೊಡೆಯುವವನು. ಹುಲಿ ಬಂದ ಕೂಡಲೇ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ರಸ್ತೆ ಅಪಘಾತಕ್ಕಂತೂ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮೇ ಇದೆ. ಪ್ರತಿಫಲ ಬಯಸದೆ ನೆರವಾದವರ ಮೇಲೆ ಸಿವಿಲ್, ಕ್ರಿಮಿನಲ್ ಎರಡೂ ದಾವೆ ನಡೆಯುವುದಿಲ್ಲ.

4. "ಬೇಡ" ಅಂದರೆ ಯಾಕೆ ಬೇಡ ಅಂತ ಕೇಳಿ. ಬಸ್ ಸ್ಟ್ಯಾಂಡಿನಲ್ಲಿ ಜಾರಿಬಿದ್ದ ಅಜ್ಜಿಯೊಬ್ಬರು ಮಣಿಕಟ್ಟನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಹತ್ತಿರ ಬಿಡಲೇ ಇಲ್ಲ. ದುಡ್ಡಿನ ಭಯವೇನೋ ಅಂದುಕೊಂಡು "ಕಾಸು ಕೇಳಲ್ಲ ಅಜ್ಜಿ" ಅಂದೆ. ಕಣ್ಣು ಕೆಂಪಗೆ ಮಾಡಿದರು. ಸುಮ್ಮನೆ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಅಂದರು: "ಬಳೆ ಒಡೀಬ್ಯಾಡ ಕಣಪ್ಪಾ. ನಮ್ಮನೆಯೋರು ಇನ್ನೂ ಗಟ್ಟಿಯಾಗವ್ರೆ."

ಬಾವು ಏರುವ ಮುಂಚೆ ಬಳೆ ತೆಗೆಯಲೇಬೇಕಿತ್ತು. ಅದನ್ನೇ ಹೇಳಿದೆ, ಒಡೆಯುವುದಿಲ್ಲ ಅಂತಲೂ ಹೇಳಿದೆ. ಎದುರಿನ ಹೋಟೆಲಿನಿಂದ ಸೋಪಿನ ನೀರು ಬಂತು. ನಾನು ಮೊಣಕೈ ಕೆಳಗೆ ಕೈಯಿಟ್ಟು ಆಸರೆ ಕೊಟ್ಟೆ. ಅವರು ಹಲ್ಲು ಕಚ್ಚಿ, ಇನ್ನೊಂದು ಕೈಯಿಂದ ಒಂದೊಂದೇ ಹಸಿರು ಗಾಜಿನ ಬಳೆ ಜಾರಿಸಿದರು. ಹತ್ತನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡ ಮೇಲೆ "ಈಗ ಕಟ್ಟು" ಅಂದರು. ನಾನು ಮೊದಲೇ ಕತ್ತರಿ ತೆಗೆದಿದ್ದರೆ ಅಜ್ಜಿ ಎದ್ದು ಮನೆಗೆ ಹೋಗುವ ಬಸ್ಸು ಹತ್ತುತ್ತಿದ್ದರು, ಸಂಶಯವೇ ಇಲ್ಲ.

ಎಷ್ಟು ಹೇಳಿದರೂ ಒಪ್ಪದವರಿದ್ದಾರೆ. ಮುಟ್ಟಬೇಡಿ. 108ಕ್ಕೆ ಫೋನ್ ಮಾಡಿ, ಒಂದು ಮಾರು ದೂರದಲ್ಲಿ ನಿಂತಿರಿ. ಅಂಥವರು ಆಮೇಲೆ ಎಚ್ಚರ ತಪ್ಪಿದರೆ ಮೂರನೆಯ ಪಾಠಕ್ಕೆ ವಾಪಸ್.

5. "ಬೇಡ" ಅನ್ನುತ್ತಿರುವುದು ಮನುಷ್ಯನೋ ಕಾಯಿಲೆಯೋ, ನೋಡಿ. ಢಾಬಾ ಮುಂದೆ ಲಾರಿ ಡ್ರೈವರೊಬ್ಬ ಬೆವರುತ್ತ, ಏನೇನೋ ಬಡಬಡಿಸುತ್ತ ಎಲ್ಲರನ್ನೂ ತಳ್ಳುತ್ತಿದ್ದ. ಕುಡಿದಿದ್ದಾನೆ ಅಂತ ಜನ ತೀರ್ಮಾನ ಮಾಡಿ ಆಗಿತ್ತು. ಇನ್ಸುಲಿನ್ ತಗೊಂಡು ಊಟ ಮಾಡಿಲ್ಲ ಅಂತ ಕ್ಲೀನರ್ ಹುಡುಗ ಹೇಳಿದ. ಸಕ್ಕರೆ ಇಳಿದ ತಲೆಗೆ ಚಿಕಿತ್ಸೆಯ ಮಾತು ಹಿಡಿಸುವುದಿಲ್ಲ, ಹಿಡಿದು ಬಾಯಿಗೆ ಸುರಿಯುವುದೂ ಸಲ್ಲ. "ಅಣ್ಣಾ, ಟೀ ಕುಡಿಯೋಣ ಬಾ" ಅಂದೆ. ಬಂದ. ಸಕ್ಕರೆ ಐದು ಚಮಚ. ನುಂಗುವಷ್ಟು ಎಚ್ಚರ ಇದ್ದದ್ದಕ್ಕೆ ಕೊಟ್ಟೆ, ಎಚ್ಚರ ಇಲ್ಲದವರ ಬಾಯಿಗೆ ಒಂದು ಹನಿಯನ್ನೂ ಹಾಕಬಾರದು.

6. ಹೆಂಗಸಿನ ಗಾಯಕ್ಕೆ ಗಂಡನ ಒಪ್ಪಿಗೆ ಕೇಳುವ ಚಟ ನನಗೂ ಇತ್ತು. ಮದುವೆ ಮನೆಯಲ್ಲಿ ಕುದಿಯುವ ಸಾರು ಕೈಮೇಲೆ ಚೆಲ್ಲಿಕೊಂಡ ಹೆಣ್ಣುಮಗಳ ವಿಷಯ ಅವರ ಯಜಮಾನರ ಹತ್ತಿರ ಗಂಭೀರವಾಗಿ ಮಾತಾಡುತ್ತಿದ್ದೆ. ತಿರುಗಿ ನೋಡಿದರೆ ಆಯಮ್ಮ ತಾನೇ ನಲ್ಲಿ ತಿರುಗಿಸಿ ಕೈಯೊಡ್ಡಿ ನಿಂತಿದ್ದಾರೆ. ಇಪ್ಪತ್ತು ನಿಮಿಷ ಹಾಗೇ ಇರಲಿ ಅನ್ನುವುದಷ್ಟೇ ನನಗೆ ಉಳಿದ ಕೆಲಸ.

7. ಮಕ್ಕಳಿದ್ದರೆ ತಂದೆತಾಯಿಯನ್ನು ಕೇಳಿ. ಅವರು ಹತ್ತಿರ ಇಲ್ಲ, ಜೀವಕ್ಕೆ ಅಪಾಯವಿದೆ ಅಂದರೆ ಕಾಯಬೇಡಿ. ಮಗುವಿಗೂ ಒಂದು ಮಾತು ಹೇಳಿಯೇ ಮುಟ್ಟಿ.

8. ವಿಡಿಯೋ ಮಾಡುವವನು ಯಾರ ಒಪ್ಪಿಗೆಯನ್ನೂ ಕೇಳಿರುವುದಿಲ್ಲ. ಜಗಳಕ್ಕೆ ಹೊತ್ತಿಲ್ಲ. "ಟಾರ್ಚ್ ಹಾಕಿ ಇಲ್ಲಿ ಹಿಡೀರಿ" ಅಂತ ಕೆಲಸ ಕೊಡಿ.

9. ಎಚ್ಚರವಾದ ಮೇಲೆ ಮತ್ತೆ ಕೇಳಿ. ಕಾಲೇಜು ಹುಡುಗನೊಬ್ಬ ಬಸ್ ಸ್ಟಾಪಿನಲ್ಲಿ ಮೂರ್ಛೆರೋಗ ಬಂದು ಬಿದ್ದಿದ್ದ. ನಾವು ಹೋಗುವಷ್ಟರಲ್ಲಿ ಜನ ಅವನ ಮುಷ್ಟಿಗೆ ಕಬ್ಬಿಣ ಅಂತ ಬೀಗದ ಕೈ ತುರುಕಿ, ಮೂಗಿಗೆ ಈರುಳ್ಳಿ ಹಿಡಿದಿದ್ದರು. ಎರಡರಿಂದಲೂ ಫಿಟ್ಸ್ ನಿಲ್ಲುವುದಿಲ್ಲ. ಅದು ತಾನಾಗಿ ನಿಂತಿತು. ಪಕ್ಕಕ್ಕೆ ಹೊರಳಿಸಿ ಮಲಗಿಸಿದೆ. ಕಣ್ಣು ಬಿಟ್ಟಾಗ ಸುತ್ತ ನಲವತ್ತು ಮುಖ. ನನ್ನ ಹೆಸರು ಹೇಳಿ, ನಡೆದದ್ದು ತಿಳಿಸಿ, "ತಲೆಗೆ ಪೆಟ್ಟಾಗಿದೆಯಾ ಅಂತ ಮುಟ್ಟಿ ನೋಡಲಾ?" ಅಂತ ಕೇಳಿದೆ. ಹೂಂ ಅಂದ. ಆಮೇಲೆ ನಿಧಾನವಾಗಿ ಮುಷ್ಟಿ ಬಿಚ್ಚಿ ನೋಡಿ, "ಇದ್ಯಾರ ಕೀ ಅಣ್ಣಾ?" ಅಂದ.

ಗುಂಪಿನ ಹಿಂದಿನಿಂದ ಒಬ್ಬರು ಬಂದು, ಮಾತಾಡದೆ ಕೀ ಇಸಕೊಂಡು, ಸ್ಕೂಟರ್ ಸ್ಟಾರ್ಟ್ ಮಾಡಿ ಹೋದರು.