ರೈತ ಕುಟುಂಬದಲ್ಲಿ ದೇಹತೂಕದ ಹತೋಟಿ: ದಿನನಿತ್ಯದ ರೂಢಿಯೇ ದಾರಿ

ಒಂದು ಎಕರೆ ಜಮೀನನ್ನು ಮರದ ನೇಗಿಲಿನಿಂದ ಒಮ್ಮೆ ಉಳುವ ರೈತನು ಎಷ್ಟು ದೂರ ನಡೆಯುತ್ತಾನೆ ಎಂಬುದನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಎಕರೆಯೆಂದರೆ ಸುಮಾರು 4,047 ಚದರ ಮೀಟರ್. ನೇಗಿಲ ಸಾಲಿನ ಅಗಲವನ್ನು 15 ಸೆಂಟಿಮೀಟರ್ ಎಂದು ಹಿಡಿದರೆ, ಮೂಲೆಯ ತಿರುವುಗಳನ್ನು ಬಿಟ್ಟು, 27 ಕಿಲೋಮೀಟರ್ ಆಗುತ್ತದೆ. ದಿನಕ್ಕೆ ಅರ್ಧ ಎಕರೆ ಉತ್ತರೂ 13 ಕಿಲೋಮೀಟರಿಗೆ ಕಡಿಮೆಯಿಲ್ಲ. ಅದೂ ಹೆಂಟೆಗಳ ಮೇಲೆ, ಮೇಣಿಯನ್ನು ಅದುಮಿ ಹಿಡಿದು. ಅದೇ ಎಕರೆಯನ್ನು ಒಂದೂವರೆ ಮೀಟರ್ ಅಗಲದ ರೋಟವೇಟರ್ ಹೂಡಿದ ಟ್ರ್ಯಾಕ್ಟರು 2.7 ಕಿಲೋಮೀಟರ್ ಓಡಿ ಮುಗಿಸುತ್ತದೆ. ಆ ದೂರವನ್ನೂ ಕುಳಿತೇ ಕ್ರಮಿಸಲಾಗುತ್ತದೆ. ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆಸುವ ಕಡೆಗಳಲ್ಲಂತೂ ಬದುವಿನ ಮೇಲೆ ನಿಂತು ನೋಡುವುದಷ್ಟೇ ಜಮೀನಿನ ಒಡೆಯನ ಪಾಲಿಗೆ ಉಳಿದ ಕೆಲಸ.

ಏತ, ಕಪಿಲೆಗಳ ಜಾಗಕ್ಕೆ ಪಂಪ್‌ಸೆಟ್ಟು ಬಂದು ಬಹಳ ಕಾಲವಾಯಿತು. ಈಗ ಅದನ್ನು ಮನೆಯಲ್ಲಿ ಕುಳಿತು ಮೊಬೈಲ್ ಫೋನಿನಿಂದಲೇ ಚಾಲೂ ಮಾಡಬಹುದು. ಹೊಲಕ್ಕೆ ಹೋಗಲು ಮೋಟಾರ್ ಸೈಕಲ್, ರಾಗಿ ಬೀಸಲು ಗಿರಣಿ, ಖಾರ ಅರೆಯಲು ಮಿಕ್ಸರ್, ನೀರಿಗೆ ನಲ್ಲಿ. ಮೈಮುರಿಯುವ ದುಡಿಮೆ ಕಡಿಮೆಯಾದದ್ದು ಒಳ್ಳೆಯದೇ; ಹಿಂದಿನದೇ ಚೆನ್ನಾಗಿತ್ತೆನ್ನುವವರು ಸಾಮಾನ್ಯವಾಗಿ ಮೇಣಿ ಹಿಡಿದವರಲ್ಲ. ಆದರೆ ಆ ದುಡಿಮೆಗೆಂದು ರೂಪುಗೊಂಡ ಊಟದ ಅಳತೆ ಮಾತ್ರ ತಟ್ಟೆಯಲ್ಲಿ ಹಾಗೆಯೇ ಉಳಿದಿದೆ. ಅದರ ಮೇಲೆ ಸಕ್ಕರೆ, ಎಣ್ಣೆ ಮತ್ತು ಪಾಲಿಶ್ ಅಕ್ಕಿಯೂ ಸೇರಿಕೊಂಡಿವೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 65 ಕಿಲೋ ತೂಕದ ಪುರುಷನಿಗೆ ಕಠಿಣ ದುಡಿಮೆಯಿದ್ದಾಗ ದಿನಕ್ಕೆ 3,470 ಕಿಲೋ ಕ್ಯಾಲರಿ ಶಕ್ತಿ ಬೇಕು. ಅವನೇ ಹೆಚ್ಚಾಗಿ ಕುಳಿತು ಕೆಲಸ ಮಾಡುವವನಾದರೆ 2,110 ಸಾಕು. 55 ಕಿಲೋ ತೂಕದ ಮಹಿಳೆಗೆ ಈ ಅಂಕಿಗಳು ಕ್ರಮವಾಗಿ 2,720 ಮತ್ತು 1,660. ಪುರುಷನ ಲೆಕ್ಕದಲ್ಲಿ ಕಂಡುಬರುವ 1,360 ಕಿಲೋ ಕ್ಯಾಲರಿಯ ವ್ಯತ್ಯಾಸವು ಸುಮಾರು 400 ಗ್ರಾಂ ಅಕ್ಕಿಗೆ ಸಮ. ನೇಗಿಲ ಕಾಲದ ಊಟವನ್ನು ಟ್ರ್ಯಾಕ್ಟರ್ ಕಾಲದಲ್ಲಿ ಉಣ್ಣುವವನು ಇದರಲ್ಲಿ ಒಂದು ಪಾಲನ್ನಾದರೂ ಕೊಬ್ಬಾಗಿ ಮೈಯಲ್ಲಿ ಕೂಡಿಡುತ್ತಾನೆ.

ಹೀಗೆ ಕೂಡಿಟ್ಟದ್ದು ಸಮೀಕ್ಷೆಗಳಲ್ಲಿ ಕಾಣುತ್ತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಮಹಿಳೆಯರಲ್ಲಿ ಅಧಿಕ ತೂಕದವರ ಪ್ರಮಾಣವು 2015-16ರಲ್ಲಿ ಶೇ. 20.6 ಇದ್ದದ್ದು 2019-21ರಲ್ಲಿ ಶೇ. 24ಕ್ಕೆ ಏರಿತು. ಪುರುಷರಲ್ಲಿ ಶೇ. 18.9ರಿಂದ ಶೇ. 22.9ಕ್ಕೆ ಹೋಯಿತು. ಕರ್ನಾಟಕದಲ್ಲಿ ಈ ಪ್ರಮಾಣ ಇಬ್ಬರಲ್ಲೂ ಸುಮಾರು ಶೇ. 30. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮತ್ತು ಮೊಣಕಾಲು ನೋವು ಅಧಿಕ ತೂಕದ ಜೊತೆಯಲ್ಲೇ ಬರುತ್ತವೆ. ಮೊಣಕಾಲು ಸೋತ ರೈತನು ಬದು ಹತ್ತಲಾರ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವನಿಗೆ ಬರಿಗಾಲಿನಲ್ಲಿ ಚುಚ್ಚಿದ ಮುಳ್ಳು ತಿಳಿಯದು. ಕೊಳೆತ ಹುಣ್ಣಿಗಾಗಿ ಬೆರಳನ್ನೇ ಕಳೆದುಕೊಳ್ಳುವ ಸಂದರ್ಭಗಳಿವೆ. ಚಿಕಿತ್ಸೆಯ ವೆಚ್ಚಕ್ಕೆ ಬೆಳೆಸಾಲದ ಹಣ ಖರ್ಚಾಗುವುದನ್ನು ವಿಸ್ತರಣಾ ಕಾರ್ಯಕರ್ತರು ಬಲ್ಲರು.

ಇಳಿದ ತೂಕ ಏಕೆ ತಿರುಗಿ ಬರುತ್ತದೆ?

ತಿಂಗಳೊಪ್ಪತ್ತು ಅನ್ನ ಬಿಟ್ಟು, ಅಥವಾ ಪೇಟೆಯಲ್ಲಿ ಮಾರುವ ಪುಡಿಯನ್ನು ಕಲಸಿ ಕುಡಿದು ನಾಲ್ಕೈದು ಕಿಲೋ ಇಳಿಸಿಕೊಂಡವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಅವರಲ್ಲಿ ಬಹುಮಂದಿ ವರ್ಷದೊಳಗೆ ಮೊದಲಿನ ತೂಕಕ್ಕೇ ಬಂದಿರುತ್ತಾರೆ. ಮೊದಲ ವಾರಗಳಲ್ಲಿ ಇಳಿಯುವುದರಲ್ಲಿ ನೀರಿನ ಪಾಲೇ ಹೆಚ್ಚು. ತೂಕ ಇಳಿದಂತೆ ದೇಹದ ಶಕ್ತಿಯ ಅಗತ್ಯವೂ ಇಳಿಯುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ಪಥ್ಯ ಮುಗಿಯಿತೆಂದು ಹಳೆಯ ಊಟಕ್ಕೆ ಮರಳಿದೊಡನೆ ಕೊಬ್ಬು ಮತ್ತೆ ಸೇರುತ್ತದೆ. ಯೂರಿಯಾ ಎರಚಿದ ಪೈರು ವಾರದಲ್ಲಿ ಹಸಿರಾಗುತ್ತದೆ, ಮಣ್ಣು ಹಾಗೆಯೇ ಇರುತ್ತದೆ. ಇದೂ ಅದೇ ತೆರನ ಉಪಚಾರ.

ಸಣ್ಣ ಬದಲಾವಣೆಯ ಲೆಕ್ಕವನ್ನು ಇದಕ್ಕೆ ಹೋಲಿಸಬಹುದು. ದಿನಕ್ಕೆ ನಾಲ್ಕು ಸಲ ಚಹಾ ಕುಡಿಯುವವನು ಪ್ರತಿ ಸಲವೂ ಎರಡು ಚಮಚ ಸಕ್ಕರೆ ಹಾಕಿದರೆ ದಿನಕ್ಕೆ 40 ಗ್ರಾಂ ಆಯಿತು. ಒಂದು ಚಮಚಕ್ಕೆ ಇಳಿಸಿದರೆ 80 ಕಿಲೋ ಕ್ಯಾಲರಿ ಉಳಿಯುತ್ತದೆ. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕಿಲೋ ಕ್ಯಾಲರಿ ಇರುವುದರಿಂದ ಕಾಗದದ ಮೇಲೆ ವರ್ಷಕ್ಕೆ 3.8 ಕಿಲೋ ಇಳಿಯಬೇಕು. ದೇಹವು ಹೊಂದಿಕೊಳ್ಳುವ ಕಾರಣ ಮೊದಲ ವರ್ಷ ನಿಜವಾಗಿ ಇಳಿಯುವುದು ಅದರ ಅರ್ಧದಷ್ಟು. ಉಳಿದದ್ದು ನಿಧಾನವಾಗಿ ಇಳಿಯುತ್ತದೆ. ಹಸಿವೆಯಿಲ್ಲದೆ, ಖರ್ಚಿಲ್ಲದೆ ಆಗುವ ಈ ಇಳಿಕೆಯು ಚಹಾ ಅದೇ ರುಚಿಯಲ್ಲಿ ಮುಂದುವರಿಯುವವರೆಗೂ ತಿರುಗಿ ಬರುವುದಿಲ್ಲ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ತೊಂದರೆಯಿಲ್ಲವೆಂಬ ನಂಬಿಕೆ ಕಬ್ಬಿನ ಸೀಮೆಯಲ್ಲಿ ಬಲವಾಗಿದೆ. ತೂಕದ ಮಟ್ಟಿಗೆ ಇದು ಸರಿಯಲ್ಲ. ಎರಡರ ಶಕ್ತಿಯೂ ಹೆಚ್ಚುಕಡಿಮೆ ಒಂದೇ.

ಸುಗ್ಗಿಯ ನಂತರದ ತಿಂಗಳುಗಳು

ಪಟ್ಟಣದವರಿಗಾಗಿ ಬರೆದ ಆರೋಗ್ಯ ಸಲಹೆಗಳು ರೈತನಿಗೆ ಪೂರ್ತಿ ಒಪ್ಪದಿರಲು ಒಂದು ಕಾರಣವಿದೆ. ಕಚೇರಿಯ ನೌಕರನ ದುಡಿಮೆ ವರ್ಷವಿಡೀ ಒಂದೇ ಸಮನಾಗಿರುತ್ತದೆ. ರೈತನದು ಹಾಗಲ್ಲ. ದಕ್ಷಿಣ ಕರ್ನಾಟಕದ ಮಳೆಯಾಶ್ರಿತ ರಾಗಿ ಪ್ರದೇಶದಲ್ಲಿ ಬಿತ್ತನೆ, ಎಡೆಕುಂಟೆ, ಕಳೆ, ಕೊಯ್ಲು, ಒಕ್ಕಣೆಗಳಲ್ಲಿ ಜೂನಿನಿಂದ ಜನವರಿ ಕಳೆಯುತ್ತದೆ. ಆಮೇಲೆ ಮುಂಗಾರಿನ ಮೊದಲ ಉಳುಮೆಯವರೆಗೆ ಬಿಡುವು. ಉತ್ತರದ ಹಿಂಗಾರಿ ಜೋಳದ ಸೀಮೆಯಲ್ಲಿ ಈ ಬಿಡುವು ಇನ್ನೂ ಸ್ವಲ್ಪ ತಡವಾಗಿ, ಜೋಳದ ರಾಶಿ ಮುಗಿದ ಮೇಲೆ ಬರುತ್ತದೆ. ಜಾತ್ರೆ, ಮದುವೆ, ಯುಗಾದಿಯ ಹೋಳಿಗೆ, ಬೀಗರ ಔತಣ ಎಲ್ಲವೂ ಸೇರಿಕೊಳ್ಳುವುದು ಇದೇ ಕಾಲದಲ್ಲಿ. ಕಣಜ ತುಂಬಿರುತ್ತದೆ, ಕೈಯಲ್ಲಿ ಹಣವಿರುತ್ತದೆ, ಮೈಗೆ ಕೆಲಸವಿರುವುದಿಲ್ಲ. ಹಿಂದಿನವರು ಈ ಬಿಡುವಿನಲ್ಲಿ ಸೇರಿಸಿಕೊಂಡದ್ದನ್ನು ಮಳೆಗಾಲದ ಉಳುಮೆ ಕರಗಿಸುತ್ತಿತ್ತು. ಉಳುಮೆಯು ಯಂತ್ರಕ್ಕೆ ಹೋದ ಮೇಲೆ ಬೇಸಿಗೆಯಲ್ಲಿ ಸೇರಿದ ಅರ್ಧ ಕಿಲೋ, ಒಂದು ಕಿಲೋ ಕರಗದೆ ಉಳಿದು ವರ್ಷ ವರ್ಷವೂ ಜಮೆಯಾಗುತ್ತದೆ. ನಲವತ್ತರ ಗಡಿ ದಾಟಿದವನು ಮದುವೆಯ ಕಾಲದ ಅಂಗಿಯನ್ನು ನೆನೆದು ಆಶ್ಚರ್ಯಪಡುವುದು ಇದಕ್ಕೇ.

ಆದುದರಿಂದ ತಟ್ಟೆಯೂ ಹಂಗಾಮನ್ನು ಅನುಸರಿಸಬೇಕು. ದನಕ್ಕೆ ಸಹ ಗೇಯ್ಮೆಯ ದಿನಗಳಲ್ಲಿ ಹಿಂಡಿ ಹೆಚ್ಚಿಸಿ, ಕಟ್ಟಿ ಮೇಯಿಸುವಾಗ ಕಡಿಮೆ ಮಾಡುವುದು ರೈತರಿಗೆ ತಿಳಿದದ್ದೇ. ಗುದ್ದಲಿ ಹಿಡಿಯುವ ದಿನಗಳಲ್ಲಿ ದೊಡ್ಡ ಮುದ್ದೆ ಎರಡಾದರೂ ತಪ್ಪಿಲ್ಲ. ಬಿಡುವಿನ ದಿನಗಳಲ್ಲಿ ಮುದ್ದೆಯ ಗಾತ್ರವನ್ನು ಕಾಲುಭಾಗ ಇಳಿಸಿ, ಆ ಜಾಗವನ್ನು ಸೊಪ್ಪು ಮತ್ತು ಕಾಳಿನಿಂದ ತುಂಬಬೇಕು. ಬಸ್ಸಾರಿನ ಪಲ್ಯ ಇದಕ್ಕೆ ಹೇಳಿ ಮಾಡಿಸಿದ ಅಡಿಗೆ. ಜೋಳದ ಸೀಮೆಯಲ್ಲಿ ರೊಟ್ಟಿಯ ಜೊತೆ ಹಸಿ ಮೂಲಂಗಿ, ಸೌತೆ, ಮೆಂತ್ಯದ ಸೊಪ್ಪು ತಿನ್ನುವ ಪದ್ಧತಿಯೂ ಹಾಗೆಯೇ. ಹೋಳಿಗೆಯನ್ನು ಬಿಡಬೇಕೆಂದಿಲ್ಲ, ಹಬ್ಬದ ದಿನ ತಿಂದು, ಮರುದಿನದಿಂದ ಉಳಿದದ್ದನ್ನು ತಿನ್ನುತ್ತ ಕೂರದಿದ್ದರೆ ಸಾಕು.

ಮಹಿಳೆಯರ ವಿಷಯ ಸ್ವಲ್ಪ ಬೇರೆ. ಹಾಲು ಕರೆಯುವುದು, ಕೊಟ್ಟಿಗೆ, ಅಡಿಗೆ, ಕಳೆ ತೆಗೆಯುವುದು ಮುಂತಾದ ಅವರ ಕೆಲಸಕ್ಕೆ ಬಿಡುವೆಂಬುದಿಲ್ಲ. ಎಲ್ಲರ ಊಟ ಮುಗಿದ ಮೇಲೆ ಕೂರುವ ಗೃಹಿಣಿಗೆ ಪಲ್ಯ ಮುಗಿದು ಅನ್ನ ಉಳಿದಿರುತ್ತದೆ. ದಂಡವಾಗಬಾರದೆಂದು ಅದನ್ನು ತಾನೇ ಉಣ್ಣುತ್ತಾಳೆ. ಆಕೆಯ ಪಾಲಿನ ಪಲ್ಯ, ಕಾಳು, ಮೊಸರನ್ನು ಮೊದಲೇ ತೆಗೆದಿಡುವುದು ಯಾವ ಪಥ್ಯಕ್ಕಿಂತಲೂ ಮುಖ್ಯ. ಇದನ್ನು ಮನೆಯ ಗಂಡಸರಿಗೆ ತಿಳಿಸುವ ಹೊಣೆ ವಿಸ್ತರಣಾ ಕಾರ್ಯಕರ್ತರದು.

ರೂಢಿಯನ್ನು ಕಟ್ಟುವ ಗೂಟ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿದ ಅಧ್ಯಯನವು 2010ರಲ್ಲಿ ಪ್ರಕಟವಾಯಿತು. ಊಟದ ಜೊತೆ ಹಣ್ಣು ತಿನ್ನುವಂಥ ಒಂದು ಸಣ್ಣ ಕೆಲಸವನ್ನು ದಿನದ ಯಾವುದಾದರೊಂದು ನಿಶ್ಚಿತ ಸಂದರ್ಭಕ್ಕೆ ಜೋಡಿಸಿ ಮಾಡುವಂತೆ ಅವರಿಗೆ ತಿಳಿಸಲಾಗಿತ್ತು. ಆ ಕೆಲಸವು ಯೋಚಿಸದೆ ತಾನಾಗಿ ನಡೆಯುವ ರೂಢಿಯಾಗಲು ಮಧ್ಯಮ ಲೆಕ್ಕದಲ್ಲಿ 66 ದಿನಗಳು ಹಿಡಿದವು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕೆಂದು ಅಂದಾಜಾಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಒಂದು ದಿನ ತಪ್ಪಿತೆಂದು ಎಲ್ಲವನ್ನೂ ಕೈಬಿಡುವವರು ಈ ಕೊನೆಯ ಅಂಶವನ್ನು ಗಮನಿಸಬೇಕು.

ಇಂಥ ನಿಶ್ಚಿತ ಸಂದರ್ಭಗಳಿಗೆ ರೈತನ ದಿನದಲ್ಲಿ ಕೊರತೆಯಿಲ್ಲ. ಬೆಳಿಗ್ಗೆ ಮತ್ತು ಸಂಜೆ ಡೈರಿಗೆ ಹಾಲು ಹಾಕಲೇಬೇಕು. ವಾಹನವನ್ನು ಮನೆಯಲ್ಲಿ ಬಿಟ್ಟು ನಡೆದೇ ಹೋಗಿ ಬಂದರೆ, ಡೈರಿ ಅರ್ಧ ಕಿಲೋಮೀಟರ್ ದೂರವಿದ್ದರೂ ದಿನಕ್ಕೆ ಎರಡು ಕಿಲೋಮೀಟರ್ ಆಯಿತು. 65 ಕಿಲೋ ತೂಕದವನು ಒಂದು ಕಿಲೋಮೀಟರ್ ನಡೆದರೆ ಸುಮಾರು 50 ಕಿಲೋ ಕ್ಯಾಲರಿ ಖರ್ಚಾಗುತ್ತದೆ. ಪಂಪು ಚಾಲೂ ಆದ ಮೇಲೆ ಜಮೀನಿನ ನಾಲ್ಕೂ ಬದುಗಳನ್ನು ಒಂದು ಸುತ್ತು ಹಾಕಬಹುದು. ಕೀಟದ ಹಾವಳಿ, ಒಡೆದ ಪೈಪು, ಬದುವಿನ ಬಿರುಕುಗಳೂ ಕಣ್ಣಿಗೆ ಬೀಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವನ್ನು ಶಿಫಾರಸು ಮಾಡಿದೆ. ಮೇಲಿನ ಎರಡರಿಂದಲೇ ಅದು ಪೂರೈಸುತ್ತದೆ. ಒಮ್ಮೆಗೆ ಒಂದೇ ರೂಢಿಯನ್ನು ಹಿಡಿದು, ಅದು ನೆಲೆನಿಂತ ಮೇಲೆ ಇನ್ನೊಂದಕ್ಕೆ ಕೈಹಾಕುವುದು ಲೇಸು.

ದಿನಸಿ ಚೀಟಿಯ ಲೆಕ್ಕ

ಪ್ರತಿ ತುತ್ತನ್ನೂ ತೂಗಿ ಉಣ್ಣುವುದು ಯಾರಿಂದಲೂ ಆಗದ ಕೆಲಸ. ತಿಂಗಳ ದಿನಸಿ ಚೀಟಿಯನ್ನು ನೋಡಿದರೆ ಸಾಕು. ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರ ಮಾರ್ಗಸೂಚಿಯಲ್ಲಿ 2,000 ಕಿಲೋ ಕ್ಯಾಲರಿಯ ದಿನದೂಟಕ್ಕೆ ಏಕದಳ ಮತ್ತು ಸಿರಿಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು 300 ಮಿಲಿಲೀಟರ್, ಎಣ್ಣೆ 27 ಗ್ರಾಂ ಎಂದು ಸೂಚಿಸಿದೆ. ಉಪ್ಪು 5 ಗ್ರಾಂ ಮತ್ತು ಸಕ್ಕರೆ 25 ಗ್ರಾಂ ಮೀರಬಾರದು. ಐದು ಜನ ವಯಸ್ಕರ ಮನೆಗೆ ತಿಂಗಳಿಗೆ ಗುಣಿಸಿದರೆ ಎಣ್ಣೆ ಸುಮಾರು 4 ಕಿಲೋ, ಸಕ್ಕರೆ ಬೆಲ್ಲ ಸೇರಿ ಹೆಚ್ಚೆಂದರೆ 3.75 ಕಿಲೋ, ಉಪ್ಪು ಮುಕ್ಕಾಲು ಕಿಲೋ ಆಗುತ್ತದೆ. ಚೀಟಿಯಲ್ಲಿ ಇದಕ್ಕಿಂತ ಹೆಚ್ಚಿದ್ದರೆ ತಿಂಗಳಿಗೆ ಅರ್ಧ ಅರ್ಧ ಕಿಲೋ ಇಳಿಸುತ್ತ ಬರಬೇಕು. ಅಂಗಡಿಯಿಂದ ಬಾರದ ಎಣ್ಣೆ ಬಾಣಲೆಗೆ ಬೀಳುವುದಿಲ್ಲ.

ತರಕಾರಿಯ ಲೆಕ್ಕವೇ ಕಷ್ಟದ್ದು. ಐದು ಜನಕ್ಕೆ ದಿನಕ್ಕೆ ಎರಡು ಕಿಲೋ! ಟೊಮ್ಯಾಟೊ, ಬೀನ್ಸ್ ಬೆಳೆದು ಮಾರುಕಟ್ಟೆಗೆ ಕಳುಹಿಸುವ ಮನೆಯಲ್ಲೇ ತಟ್ಟೆಯ ಮೇಲೆ ಬರಿಯ ಅನ್ನ, ತಿಳಿಸಾರು ಕಾಣುವುದು ವಿಪರ್ಯಾಸ. ಒಂದೆರಡು ಗುಂಟೆ ಕೈತೋಟ, ಬಚ್ಚಲ ನೀರಿಗೆ ಬಸಳೆ, ಬೇಲಿಯಲ್ಲೊಂದು ನುಗ್ಗೆ ಇದ್ದರೆ ಅರ್ಧ ಕೊರತೆ ನೀಗುತ್ತದೆ.

ರಾಗಿ ತಿಂದರೆ ತೂಕ ಇಳಿಯುತ್ತದೆಂಬ ಮಾತು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ 2023ರ ಪ್ರಚಾರದ ನಂತರ ಇನ್ನಷ್ಟು ಹರಡಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 320, ಪಾಲಿಶ್ ಅಕ್ಕಿಯಲ್ಲಿ ಸುಮಾರು 355 ಕಿಲೋ ಕ್ಯಾಲರಿ ಇದೆ, ಅಂತರ ದೊಡ್ಡದಲ್ಲ. ರಾಗಿಯ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ. ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ಜೊತೆಗೆ ರಾಗಿಯಲ್ಲಿ 340ರಿಂದ 365 ಮಿಲಿಗ್ರಾಂ ಸುಣ್ಣಾಂಶವಿದೆ. ಹೊಟ್ಟೆ ಬೇಗ ತುಂಬಿದಂತಾಗಿ ಕಡಿಮೆ ಉಂಡರೆ ಮಾತ್ರ ತೂಕಕ್ಕೆ ಅನುಕೂಲ. ಅನ್ನದ ಮೇಲೆ ಹೆಚ್ಚುವರಿಯಾಗಿ ಮುದ್ದೆ ಉಂಡರೆ ತೂಕ ಏರುತ್ತದೆ, ಅಷ್ಟೇ.

ಅಳತೆ ಮತ್ತು ಎಚ್ಚರಿಕೆ

ಹೊಕ್ಕುಳ ಮಟ್ಟದಲ್ಲಿ ಟೇಪಿನಿಂದ ಅಳೆದ ಸೊಂಟದ ಸುತ್ತಳತೆಯು ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರಬಾರದು. ದಿನವೂ ತಕ್ಕಡಿ ಹತ್ತುವುದರಿಂದ ನಿರಾಸೆಯೇ ಹೆಚ್ಚು. ಬೇಸಾಯಕ್ಕೆ ಬಿಡುವು ಕೊಡುವ ಅಮಾವಾಸ್ಯೆಯ ದಿನ ಅಳೆದು ಪಂಚಾಂಗದ ಅಂಚಿನಲ್ಲಿ ಬರೆದಿಟ್ಟರೆ ತಿಂಗಳಿಗೊಂದು ದಾಖಲೆ ತಾನಾಗಿ ಸಿಗುತ್ತದೆ.

ಅಳತೆ ಇಳಿಯದಿದ್ದರೂ ರೂಢಿಯನ್ನು ಬಿಡಬಾರದು. ಭಾರತದಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟದ ತಿದ್ದುಪಡಿ ಮತ್ತು ನಡಿಗೆಯಿಂದ ಕಾಯಿಲೆಗೆ ಬೀಳುವ ಸಂಭವ ಶೇ. 28.5ರಷ್ಟು ಕಡಿಮೆಯಾಯಿತು. ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಿರಲಿಲ್ಲ.

ತೂಕ ಇಳಿಸುವ ಸಲಹೆ ಎಲ್ಲರಿಗಲ್ಲ ಎಂಬುದನ್ನು ಕಾರ್ಯಕರ್ತರು ಮರೆಯಬಾರದು. 2019-21ರ ಸಮೀಕ್ಷೆಯಲ್ಲೇ ದೇಶದ ಶೇ. 18.7 ಮಹಿಳೆಯರು ಮತ್ತು ಶೇ. 16.2 ಪುರುಷರು ಇರಬೇಕಾದ್ದಕ್ಕಿಂತ ಕಡಿಮೆ ತೂಕದವರಾಗಿದ್ದರು. ಕೂಲಿಯ ಮನೆಯಲ್ಲಿ ಸಭೆ ನಡೆಸಿ ಊಟ ಕಡಿಮೆ ಮಾಡಿ ಎನ್ನುವುದು ಅವಿವೇಕ. ಬೆಳೆಯುವ ಮಕ್ಕಳು, ಗರ್ಭಿಣಿಯರು, ಬಾಣಂತಿಯರು ಊಟ ಕಡಿತಗೊಳಿಸಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹೊತ್ತಿನ ಊಟ ಬಿಟ್ಟರೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿದು ಹೊಲದಲ್ಲೇ ತಲೆಸುತ್ತಿ ಬೀಳಬಹುದು. ಅಂಥವರು ಜೇಬಿನಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಂಡಿರಬೇಕು. ಯಾವ ಪ್ರಯತ್ನವೂ ಇಲ್ಲದೆ ತೂಕ ತಾನಾಗಿ ಇಳಿಯುತ್ತಿದ್ದರೆ ಸಂತೋಷಪಡದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಮತ್ತು ಕಫದ ಪರೀಕ್ಷೆ ಮಾಡಿಸುವುದು ಅವಶ್ಯಕ.