ಪರ್ವತವಾಸಿ ಪೈಕಾ ಮತ್ತು ಸ್ವಯಂಸೇವಕರು

ಅಮೆರಿಕದ ಕೊಲೊರಾಡೊ ರಾಜ್ಯದ ರಾಕಿ ಪರ್ವತಗಳಲ್ಲಿ, ಮರ ಬೆಳೆಯದ ಎತ್ತರದ ಬಂಡೆರಾಶಿಗಳ ನಡುವೆ, ಪೈಕಾ ಎಂಬ ಗೇಣುದ್ದದ ಪ್ರಾಣಿಯೊಂದು ವಾಸಿಸುತ್ತದೆ. ನೋಟಕ್ಕೆ ಇಲಿ, ಕುಲದಿಂದ ಮೊಲದ ಬಂಧು. ನಮ್ಮ ಹಿಮಾಲಯದಲ್ಲಿಯೂ ಇದರ ದಾಯಾದಿಗಳುಂಟು.

ಪೈಕಾ ಚಳಿಗಾಲವನ್ನು ನಿದ್ರೆಯಲ್ಲಿ ಕಳೆಯುವುದಿಲ್ಲ. ಬೇಸಗೆಯಲ್ಲಿಯೇ ಹುಲ್ಲು, ಹೂ, ಎಲೆಗಳನ್ನು ಕೊಯ್ದು ಬಂಡೆಯಡಿಯಲ್ಲಿ ಬಣವೆ ಒಟ್ಟುತ್ತದೆ. ವಿಷಾಂಶವುಳ್ಳ ಕೆಲವು ಎಲೆಗಳನ್ನೂ ಅದರಲ್ಲಿ ಸೇರಿಸುತ್ತದೆ. ಅವು ಬೇಗನೆ ಕೊಳೆಯುವುದಿಲ್ಲ. ತಿಂಗಳುಗಳು ಕಳೆದು ವಿಷವಿಳಿದ ಮೇಲೆ ಅವನ್ನು ತಿನ್ನುತ್ತದೆ. ನಮ್ಮ ರೈತನೂ ಮೆಚ್ಚಬೇಕಾದ ಬುದ್ಧಿ! ಆದರೆ ದಟ್ಟ ತುಪ್ಪಳದ ಈ ಜೀವಿಗೆ ಶಾಖ ಸಹಿಸದು. ತಂಪು ನೆರಳು ದೊರೆಯದಿದ್ದರೆ ಸುಮಾರು 25 ಡಿಗ್ರಿ ಸೆಲ್ಸಿಯಸ್ ಬಿಸಿಯೂ ಕೆಲವೇ ಗಂಟೆಗಳಲ್ಲಿ ಪ್ರಾಣಾಂತಿಕವಾಗಬಲ್ಲದು. ವಾತಾವರಣ ಬಿಸಿಯೇರಿದಂತೆ ಅದು ಇನ್ನೂ ಮೇಲಕ್ಕೆ ಸರಿಯಬೇಕು. ಶಿಖರದ ಮೇಲೆ ಮತ್ತೆ ನೆಲವಿಲ್ಲ.

ಇದರ ಲೆಕ್ಕವಿಡಲು ಅಲ್ಲಿ 2010ರಲ್ಲಿ ಆರಂಭವಾದ ಯೋಜನೆಯೊಂದರಲ್ಲಿ ಸಾಮಾನ್ಯ ನಾಗರಿಕರೇ ತರಬೇತಿ ಪಡೆದು ದುಡಿಯುತ್ತಾರೆ. ಗೊತ್ತುಪಡಿಸಿದ ಬಂಡೆರಾಶಿಗೆ ನಡೆದು ಹೋಗಿ, ಪೈಕಾದ ಕೀರಲು ಕೂಗಿಗೆ ಕಿವಿಗೊಟ್ಟು, ಬಣವೆಯನ್ನೂ ಕಾಳುಮೆಣಸಿನಂಥ ಹಿಕ್ಕೆಯನ್ನೂ ಅರಸುತ್ತಾರೆ. ಹಿಕ್ಕೆ ವರ್ಷಗಟ್ಟಲೆ ಉಳಿಯಬಲ್ಲದಾದ್ದರಿಂದ ಅದೊಂದೇ ಸಾಕ್ಷಿಯಾಗದು. ಹಸಿರು ಮಾಸದ ಹುಲ್ಲು ಕಂಡರೆ ಮನೆಯಲ್ಲಿ ಒಕ್ಕಲಿದೆಯೆಂದರ್ಥ. ಬೆಟ್ಟ ಹತ್ತಿ ದಣಿದವನಿಗೆ ‘ಏನೂ ಕಾಣಲಿಲ್ಲ’ ಎಂದು ಬರೆಯುವುದು ಪ್ರಿಯವಲ್ಲ. ಆದರೆ ವಿಜ್ಞಾನಿಗೆ ಆ ಬರಹವೂ ಅಷ್ಟೇ ಅಗತ್ಯ. ಹಿಂದೆ ಪೈಕಾ ಇದ್ದ ತಾಣ ಬರಿದಾದುದು ಅದರಿಂದಲೇ ತಿಳಿಯಬೇಕು. ಆದುದರಿಂದ ಅವರು ನೋಡಿದ ತಾಣಗಳನ್ನೇ ಮುಂದಿನ ವರ್ಷಗಳಲ್ಲಿ ಮತ್ತೆ ನೋಡಿ ಬರುತ್ತಾರೆ.